ಕಾಣದವರ ಆಟಕ್ಕೆ ಗೋಡೆಯಗಲದ ಪರದೆ

ಕಣ್ಣು ಕಾಣದವರು ಆಡುವ ಆಟವನ್ನು ಯಾವ ಸಾಧನದ ಮೇಲೆ ಆಡಿಸಬೇಕೆಂಬುದನ್ನು ಕಣ್ಣು ಕಾಣುವವರೇ ತೀರ್ಮಾನಿಸತಕ್ಕದ್ದು ಎಂಬುದು ನಮ್ಮ ಇಲಾಖೆಯ ನಿಯಮ. ಕಾರಣ ಸರಳ. ತೀರ್ಮಾನಕ್ಕೆ ಸಹಿ ಬೇಕು, ಸಹಿ ಹಾಕುವ ಜಾಗ ಕಾಣಬೇಕು. ಸಾಧನ ಆಯ್ಕೆ ಸಮಿತಿಯ ಕಾರ್ಯದರ್ಶಿಯಾಗಿ ನಾನು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಆದರೂ ಹೊರಗೆ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವ ನಿಯಮ ಇನ್ನೂ ಬಂದಿಲ್ಲವಾದ್ದರಿಂದ, ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಆಟವನ್ನು ಮಾಡಿದ್ದು ಇಲಾಖೆಯ ಪ್ರೋಗ್ರಾಮರ್ ಹುಡುಗಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಒಂದು ಸೊಳ್ಳೆ ಗುಂಯ್ ಎನ್ನುತ್ತ ಬರುತ್ತದೆ. ಎಡಗಿವಿಯಲ್ಲಿ ಕೇಳಿಸಿದರೆ ಎಡಕ್ಕೆ ತಟ್ಟಬೇಕು, ಬಲಗಿವಿಯಲ್ಲಾದರೆ ಬಲಕ್ಕೆ. ಇಬ್ಬರು ಬೇರೆ ಬೇರೆ ಊರಲ್ಲಿ ಕೂತು ಪೈಪೋಟಿಯ ಮೇಲೆ ಹೊಡೆಯಬಹುದು. ಪರದೆಯ ಮೇಲೆ ಮಾತ್ರ ಏನೂ ಇಲ್ಲ, ಬರೀ ಕಪ್ಪು.

ಇದರ ಯೋಚನೆ ಕೊಟ್ಟವನು ನಮ್ಮ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣದು, ಅವನ ಅಕ್ಕನಿಗೂ ಅಷ್ಟೆ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ಸದ್ದು ಹಿಡಿದು ಸೊಳ್ಳೆ ಹೊಡೆಯುವ ಪಂದ್ಯ ಕಟ್ಟುತ್ತಿದ್ದರಂತೆ. ಅಕ್ಕ ಸೋತದ್ದೇ ಇಲ್ಲವಂತೆ. ಈಗ ಆಕೆ ದೂರದ ಊರಿನಲ್ಲಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಮಗ, ಸೊಸೆ ಕೆಲಸಕ್ಕೆ ಹೊರಟರೆಂದರೆ ಮಾತಾಡಲು ಗೋಡೆಯೇ ಗತಿ.

"ಸಾರ್, ಫೋನಿಗೇ ಮಾಡ್ಬಿಡಿ," ಎಂದು ಆಪರೇಟರ್ ಸಮಿತಿಯ ಮುಂದೆ ಕೈಮುಗಿದ. "ನಮ್ಮಂಥೋರ ಹತ್ರ ಇರೋದೇ ಅದು. ಅದು ಮಾತಾಡುತ್ತೆ, ನಾವು ಕೇಳ್ತೀವಿ. ಅಕ್ಕ ಮಲಗಿದ್ದಲ್ಲೇ ನನ್ನ ಜೊತೆ ಆಡ್ಬಹುದು. ಪಾಪ, ಒಬ್ಬಳೇ ಇದಾಳೆ ಸಾರ್."

"ಆಯ್ತಪ್ಪ, ನಿನ್ನ ಮಾತು ಗಮನಕ್ಕೆ ಬಂತು," ಎಂದರು ನಿರ್ದೇಶಕರು. ನಮ್ಮಲ್ಲಿ ಗಮನಕ್ಕೆ ಬಂದದ್ದು ಗಮನದಲ್ಲೇ ಇರುತ್ತದೆ. ಅಲ್ಲಿಂದ ಕದಲುವ ಪದ್ಧತಿಯಿಲ್ಲ.

ಪರೀಕ್ಷೆ ಶುರುವಾಯಿತು. ಫೋನಿನಲ್ಲಿ ಹಾಕಿ ನೋಡಿದೆವು, ಪರದೆ ಕಪ್ಪು. ಕಂಪ್ಯೂಟರಿನಲ್ಲೂ ಕಪ್ಪು. ಟೀವಿಗೆ ಜೋಡಿಸಿ ಆಡುವ ದುಬಾರಿ ಪೆಟ್ಟಿಗೆ ತರಿಸಿದೆವು, ಅದರಲ್ಲಿ ಇನ್ನೂ ದೊಡ್ಡ ಕಪ್ಪು. ಲೆಕ್ಕಪತ್ರಾಧಿಕಾರಿಗಳು ಕನ್ನಡಕ ಒರೆಸಿ ಒರೆಸಿ ಸುಸ್ತಾದರು.

"ಏನಮ್ಮಾ, ಯಾವುದ್ರಲ್ಲೂ ಕೆಲಸ ಮಾಡ್ತಿಲ್ವಲ್ಲ?" ಎಂದರು ನಿರ್ದೇಶಕರು.

"ಮಾಡ್ತಿದೆ ಸಾರ್. ಕಿವಿಗೆ ಹಾಕ್ಕೊಂಡು ಕೇಳಿ," ಎಂದಳು ಪ್ರೋಗ್ರಾಮರ್.

ನಿರ್ದೇಶಕರು ಹೆಡ್‌ಫೋನ್ ಹಾಕಿಕೊಂಡರು. ಸೊಳ್ಳೆ ಬಲಗಡೆಯಿಂದ ಬಂದಿರಬೇಕು. ಅವರು ಬಲಗಡೆಗೆ ಬೀಸಿ ಹೊಡೆದರು. ಬಲಗಡೆ ಕೂತಿದ್ದವರು ಲೆಕ್ಕಪತ್ರಾಧಿಕಾರಿಗಳು. ಚಟ್ ಎಂದಿತು. ಏಟು ಮೇಲಧಿಕಾರಿಗಳದ್ದಾದ್ದರಿಂದ ಅವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಚೆನ್ನಾಗಿ ಬಂತು ಸಾರ್," ಎಂದರು. ಎಡಗಡೆ ಕೂತಿದ್ದವನು ನಾನು. ಅಷ್ಟರಲ್ಲಿ ಕುರ್ಚಿ ಸರಿಸಿಕೊಂಡಿದ್ದೆ.

"ಕೇಳೋದೇನೋ ಕೇಳುತ್ತೆ," ಎಂದರು ನಿರ್ದೇಶಕರು ಹೆಡ್‌ಫೋನ್ ತೆಗೆದು. "ಉದ್ಘಾಟನೆ ದಿನ ಮುಖ್ಯ ಅತಿಥಿಗಳಿಗೆ ಏನು ತೋರಿಸ್ಲಿ? ಕತ್ತಲೆ ತೋರಿಸ್ಲಾ?"

"ಆಡೋರಿಗೆ ನೋಡೋ ಅಗತ್ಯ ಇಲ್ಲ ಸಾರ್."

"ಆಡೋರಿಗಿಲ್ಲಮ್ಮ. ನೋಡೋರಿಗಿದೆಯಲ್ಲ!"

ಕಚೇರಿಯ ಮುಂಗೋಣೆಯಲ್ಲಿ ಗೋಡೆಯಗಲದ ಪರದೆ ಹಾಕಿಸಿ, ಅದರ ಮೇಲೆ ಸೊಳ್ಳೆಯ ಬಣ್ಣದ ಚಿತ್ರ ಓಡಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನಿರ್ದೇಶಕರ ಭಾವಮೈದನಿಗೆ ಪರದೆಗಳ ವ್ಯಾಪಾರವಿದ್ದದ್ದು ಇಲಾಖೆಯ ಪುಣ್ಯ.

ಪ್ರಕಟಣೆಯೂ ಹೊರಬಿತ್ತು: "ಸಾರ್ವಜನಿಕರ ಗಮನಕ್ಕೆ. ಕಣ್ಣು ಕಾಣದವರು ಕಚೇರಿಯ ವೇಳೆಯಲ್ಲಿ ಖುದ್ದಾಗಿ ಬಂದು, ಪರದೆಯನ್ನು ನೋಡಿ ಆಡತಕ್ಕದ್ದು. ಮುಂಗೋಣೆಯಲ್ಲಿ ನಿಶ್ಶಬ್ದ ಕಾಪಾಡಬೇಕೆಂಬ ನಿಯಮವಿರುವುದರಿಂದ ಆಟದ ಸದ್ದನ್ನು ತೆಗೆಯಲಾಗಿದೆ. ಹೆಡ್‌ಫೋನ್ ಕಳವಾಗುವ ಸಂಭವವಿರುವುದರಿಂದ ಅದನ್ನು ಬೀರುವಿನಲ್ಲಿ ಸುರಕ್ಷಿತವಾಗಿ ಇಡಲಾಗಿದೆ. ಸೊಳ್ಳೆ ಎಲ್ಲಿದೆಯೆಂದು ಪಿಸುಮಾತಿನಲ್ಲಿ ತಿಳಿಸಲು ವಿವರಕಾರರೊಬ್ಬರನ್ನು ನೇಮಿಸಲಾಗಿದೆ."

"ಸದ್ದೇ ಇಲ್ದಿದ್ರೆ ಆಟ ಎಲ್ಲಿಂದ ಬಂತು ಸಾರ್?" ಎಂದು ಕೂಗಾಡಿದ ಪ್ರೋಗ್ರಾಮರ್, ಇದರಲ್ಲಿ ತನ್ನ ಹೆಸರು ಹಾಕಬೇಡಿ ಎಂದಳು. ಈ ಕಾಲದಲ್ಲಿ ಇಂಥ ವಿನಯ ಅಪರೂಪವೆಂದು ನಿರ್ದೇಶಕರು ಮೆಚ್ಚಿಕೊಂಡರು.

ಉದ್ಘಾಟನೆಗೆ ಒಬ್ಬ ಫಲಾನುಭವಿ ಬೇಕಿತ್ತು. ಆಪರೇಟರ್ ಬೇಡ ಬೇಡವೆಂದರೂ ಅವನ ಅಕ್ಕನನ್ನೇ ಕರೆಸಿದೆವು. ಕಾಲು ಮಡಚುವಂತಿಲ್ಲ ಎಂದು ಅವನು ಗೋಗರೆದ. ಅದಕ್ಕೇ ಉದ್ದನೆಯ ಕಾರು ಕಳಿಸುತ್ತಿದ್ದೇವೆ ಎಂದು ಸಮಾಧಾನ ಹೇಳಿದೆವು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು, ಹಲ್ಲುಕಚ್ಚಿಕೊಂಡು ಆಕೆ ಬಂದಳು. ಮುಖ್ಯ ಅತಿಥಿಗಳ ಪಕ್ಕದಲ್ಲೇ ಕುರ್ಚಿ ಹಾಕಿದ್ದೆವು.

"ಎಲ್ಲೋ ನಿನ್ನ ಸೊಳ್ಳೆ?" ಎಂದಳು ತಮ್ಮನ ಕೈ ಹುಡುಕಿ ಹಿಡಿದು.

"ಎದುರಿಗೇ ಇದೆಯಂತೆ ಅಕ್ಕ."

"ಕೇಳ್ತಾನೇ ಇಲ್ವಲ್ಲೋ."

"ಸದ್ದು ತೆಗೆದಿದಾರೆ."

"ಸದ್ದು ತೆಗೆದ್ಮೇಲೆ ನಂಗೇನೋ ಉಳೀತು? ಇಷ್ಟಕ್ಕಾ ಈ ಕಾಲು ಹೊತ್ಕೊಂಡು ಬಂದೆ?"

ಆಕೆಯ ದನಿ ಒಡೆಯಿತು. ಆಪರೇಟರ್ ತಲೆ ತಗ್ಗಿಸಿದ. ಇದನ್ನು ವರದಿಯ ಯಾವ ಕಲಮಿನಲ್ಲಿ ಸೇರಿಸಬೇಕೆಂದು ತಿಳಿಯದೆ ನಾನು ಹಾಳೆ ಮಡಚಿಟ್ಟೆ.

ಮುಖ್ಯ ಅತಿಥಿಗಳು ಗುಂಡಿ ಒತ್ತಿದರು. ಎಮ್ಮೆಗಾತ್ರದ ಸೊಳ್ಳೆಯೊಂದು ಪರದೆಯ ಮೇಲೆ ಮೌನವಾಗಿ ಹಾರಾಡಿತು. "ಬಲಕ್ಕೆ ಬಂತಮ್ಮ... ಅಯ್ಯೋ, ಹೋಯ್ತು," ಎಂದು ವಿವರಕಾರರು ಪಿಸುಗುಟ್ಟಿದರು. ಅಕ್ಕ ಕಲ್ಲಿನಂತೆ ಕೂತಿದ್ದಳು. ಮುಂಗೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ.

ಸಮಾರಂಭದ ಅಲಂಕಾರಕ್ಕೆಂದು ಸುತ್ತಲೂ ಹೂಕುಂಡಗಳನ್ನು ಇಟ್ಟಿದ್ದೆವು. ಅವುಗಳ ತಟ್ಟೆಯಲ್ಲಿ ಹಳೇ ನೀರು ನಿಂತಿತ್ತು. ಅಲ್ಲಿಂದೆದ್ದ ನಿಜವಾದ ಸೊಳ್ಳೆಯೊಂದು ಗುಂಯ್ ಎಂದಿತು. ಅಕ್ಕನ ಕತ್ತು ತಟ್ಟನೆ ಹೊರಳಿತು.

ಚಟ್!

"ಒಂದು," ಎಂದಳು.

ಆಪರೇಟರ್ ಕಿವಿ ನಿಮಿರಿಸಿದ. ಚಟ್! "ನಂಗೂ ಒಂದು ಅಕ್ಕ!"

"ಹೋಗೋ, ಇನ್ನೊಂದು ನಂದೇ," ಎನ್ನುತ್ತ ಆಕೆ ಬೀಸಿದ ಕೈ ಸೀದಾ ಮುಖ್ಯ ಅತಿಥಿಗಳ ಬೋಳುತಲೆಯ ಮೇಲೆ ಇಳಿಯಿತು. "ಎರಡು!"

ನಿರ್ದೇಶಕರ ಮುಖ ಬಿಳಿಚಿತು. ಮುಖ್ಯ ಅತಿಥಿಗಳು ತಲೆ ಸವರಿ, ಅಂಗೈಗೆ ಅಂಟಿದ ಸೊಳ್ಳೆಯನ್ನು ನೋಡಿ, ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಭೇಷ್! ಎಂಥಾ ತಂತ್ರಜ್ಞಾನ ರೀ! ಪರದೆಯಿಂದ ಸೊಳ್ಳೆ ಹೊರಗೇ ಬಂದುಬಿಡ್ತಲ್ಲ! ಇದನ್ನ ಎಲ್ಲಾ ಫಲಾನುಭವಿಗಳ ಮನೆಗೂ ತಲುಪಿಸಿ!"

ಸಮಿತಿ ಮತ್ತೆ ಸೇರಿತು. ಪರದೆ ಯಾರ ಮನೆಯ ಬಾಗಿಲಲ್ಲೂ ತೂರುವುದಿಲ್ಲ. ಹಾಗಾದರೆ ಅಂದು ಕೆಲಸ ಮಾಡಿದ ಸಾಧನ ಯಾವುದು? ಸೊಳ್ಳೆ. ಅದಕ್ಕೆ ಚಾರ್ಜು ಬೇಡ, ಪರದೆ ಬೇಡ, ಸದ್ದು ಎರಡೂ ಕಿವಿಗೆ ಸ್ಪಷ್ಟ. ಲೆಕ್ಕಪತ್ರಾಧಿಕಾರಿಗಳು ಕೆನ್ನೆ ಮುಟ್ಟಿಕೊಂಡು ಒಪ್ಪಿಗೆ ಕೊಟ್ಟರು. ಆಯ್ಕೆಯಾದ ಸಾಧನ ಸೊಳ್ಳೆಯೆಂದೂ, ಕುಂಡದ ನೀರನ್ನು ಯಾರೂ ಚೆಲ್ಲಕೂಡದೆಂದೂ, ಫಲಾನುಭವಿಗಳಿಗೆ ತಲಾ ಒಂದು ನೀರು ತುಂಬಿದ ಕುಂಡ ಕಳಿಸತಕ್ಕದ್ದೆಂದೂ ಆದೇಶವಾಯಿತು. ಕುಂಡಗಳ ಗುತ್ತಿಗೆ ಭಾವಮೈದನಿಗೆ ಸಿಕ್ಕಿತು. ಪರದೆಗೆ ಈಗ ದೊಡ್ಡ ಬಟ್ಟೆ ಹೊದಿಸಿದ್ದೇವೆ, ಧೂಳು ಕೂರಬಾರದಲ್ಲ. ಸಿಬ್ಬಂದಿಯಲ್ಲಿ ಜ್ವರದ ರಜೆ ಹೆಚ್ಚಾಗಿರುವುದು ಯೋಜನೆ ಜನಪ್ರಿಯವಾಗುತ್ತಿರುವುದರ ಲಕ್ಷಣ.

ಮೊನ್ನೆ ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಟೆಲಿಫೋನ್ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಆಪರೇಟರ್ ರಿಸೀವರನ್ನು ಕೆನ್ನೆಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ಮೈಯೆಲ್ಲ ಕಿವಿಯಾಗಿ ಕೂತಿದ್ದ. ಆ ಕಡೆಯಿಂದ ಚಟ್ ಎಂದಿತು.

"ಎಷ್ಟಾಯ್ತೋ?"

"ಎರಡು ಅಕ್ಕ."

"ಥೂ ನಿನ್ನ! ನಂದು ಐದು. ಕಿವಿಗೆ ಎಣ್ಣೆ ಬಿಟ್ಕೊಳ್ಳೋ!" ಆಕೆ ನಕ್ಕ ನಗು ಬಾಗಿಲವರೆಗೂ ಕೇಳಿಸಿತು.

ಕಚೇರಿಯ ಫೋನಿನಲ್ಲಿ ಸ್ವಂತ ಮಾತು ನಿಷಿದ್ಧ. ಆದರೆ ಇದು ಸಾಧನದ ಬಳಕೆ. ಸದ್ದಾಗದಂತೆ ಬಾಗಿಲು ಎಳೆದುಕೊಂಡು ಬಂದು, ಕತ್ತಿನ ಮೇಲೆ ಕೂತದ್ದನ್ನು ಹೊಡೆದುಕೊಂಡು, ವರದಿ ಮುಗಿಸಿದೆ. ಯೋಜನೆ ಪೂರ್ಣ ಯಶಸ್ವಿಯಾಗಿದೆಯೆಂದೂ, ಇದರಲ್ಲಿ ಫೋನಿನ ಪಾತ್ರ ಏನೇನೂ ಇಲ್ಲವೆಂದೂ ಸಮಿತಿ ದೃಢಪಡಿಸಿದೆ.