ಕೌಂಟ್ ದ್ವಾರಕನಾಥರ ಜೀತದಾಳುಗಳು

ಶಿವಯೋಗೀಶ ಮಾಡಿದ ತಪ್ಪು ಇಷ್ಟೇ. ಆಫೀಸಿನ ಹತ್ತಿರದ ಸಾಲು ತಿಂಡಿಯಂಗಡಿಗಳ ಹಾಕರ್ ಸೆಂಟರಿನಲ್ಲಿ ಊಟದ ಹೊತ್ತಿಗೆ ಮ್ಯಾನೇಜರ್ ದ್ವಾರಕನಾಥ್ ತಮ್ಮ ರಷ್ಯಾ ಪ್ರವಾಸದ ಪುರಾಣ ಬಿಚ್ಚಿದಾಗ ಉಳಿದವರೆಲ್ಲ ಫೋನಿನಲ್ಲಿ ಮುಖ ಹುದುಗಿಸಿದರು, ಗದಗಿನ ಈ ಸಂಭಾವಿತ ಮಾತ್ರ, "ಆಮೇಲೇನಾಯ್ತು ಸರ್?" ಎಂದ.

ಮಾಸ್ಕೋ ಹತ್ತಿರ ಒಬ್ಬ ಕೌಂಟ್, ಅಂದರೆ ದೊಡ್ಡ ಜಮೀನ್ದಾರ, ಅರಮನೆಯೊಳಗೇ ರಂಗಮಂದಿರ ಕಟ್ಟಿಸಿದ್ದನಂತೆ. ಹಗಲು ಹೊಲದಲ್ಲಿ ದುಡಿದ ಜೀತದಾಳುಗಳಿಗೇ ಸಂಜೆ ಬಣ್ಣ ಹಚ್ಚಿಸಿ ಕುಣಿಸುತ್ತಿದ್ದನಂತೆ.

"ಎಂಥಾ ಕ್ರೌರ್ಯ ನೋಡಿ!" ದ್ವಾರಕನಾಥ್ ಕಣ್ಣೊರೆಸಿಕೊಂಡರು. "ರಾಜ್ಯೋತ್ಸವಕ್ಕೆ ಇದನ್ನೇ ನಾಟಕ ಮಾಡೋಣ. ಕೌಂಟ್ ಪಾರ್ಟ್ ನಂದು. ಜೀತದಾಳುಗಳು ನಮ್ಮ ಟೀಮ್. ಪ್ರತಿ ಶನಿವಾರ, ಭಾನುವಾರ ಪ್ರಾಕ್ಟೀಸ್."

ವರ್ಕ್ ಪಾಸ್, ಅಂದರೆ ಈ ಪರದೇಶದಲ್ಲಿ ದುಡಿಯುವ ಪರವಾನಗಿ, ರಿನ್ಯೂ ಮಾಡಿಸುವವರು ಅವರೇ ಆದ್ದರಿಂದ ಇಡೀ ಟೀಮಿಗೆ ರಂಗಭೂಮಿಯ ಮೇಲೆ ದಿಢೀರನೆ ಪ್ರೀತಿ ಉಕ್ಕಿತು.

ನಾಟಕದ ದಿನ ಬೆಳಿಗ್ಗೆ ಸೆಂಗ್‌ಕಾಂಗ್ ಬಡಾವಣೆಯ ಮನೆಯಲ್ಲಿ ಹೆಂಡತಿ ಭಾಗ್ಯಶ್ರೀ ಕಡ್ಡಿ ಮುರಿದಂತೆ ಹೇಳಿದಳು: "ಒಂದ್ ಶನಿವಾರರ ಮನ್ಯಾಗ ಇದ್ದೀರೇನು? ಮಗಳು ನಿಮ್ಮನ್ನ ಅಂಕಲ್ ಅನ್ನಾಕತ್ತಾಳ. ಇನ್ನೊಂದು ನಾಟಕ ಅಂದ್ರ ನಾವಿಬ್ರೂ ಗದಗಿಗೆ ಹೋಗ್ತೀವಿ."

ಪಾಪ, ಶಿವಯೋಗೀಶ ಗಟ್ಟಿ ಮನಸ್ಸು ಮಾಡಿದ. ದ್ವಾರಕನಾಥ್ ಈ ಜನ್ಮದಲ್ಲಿ ತನ್ನನ್ನು ಮತ್ತೆ ಕರೆಯಬಾರದು, ಅಷ್ಟು ಕೆಟ್ಟದಾಗಿ ನಟಿಸಬೇಕು!

ರಂಗಕ್ಕೆ ಬಂದವನೇ ಕೌಂಟ್ ಸಾಹೇಬರ ನಿಲುವಂಗಿ ತುಳಿದ. ಕೌಂಟ್ ಮುಗ್ಗರಿಸಿದರು, ಜನ ನಕ್ಕರು. ಅವರ ಉದುರಿದ ಮೀಸೆಯನ್ನು ಹೆಕ್ಕಿ ತಾನೇ ಅಂಟಿಸಿಕೊಂಡ. ಜನ ಸೀಟಿ ಹೊಡೆದರು.

"ಡೈಲಾಗ್ ಹೇಳೋ!" ಕೌಂಟ್ ಹಲ್ಲು ಕಡಿದರು.

'ಧಣಿ, ನಿಮ್ಮ ಋಣ ತೀರಿಸಲಾರೆ' ಎನ್ನಬೇಕಿತ್ತು. ಹೊಟ್ಟೆಯಲ್ಲಿದ್ದ ಮಾತು ಹೊರಬಿತ್ತು.

"ಸೋಮವಾರದಿಂದ ಶುಕ್ರವಾರ ನಿಮ್ಮ ಹೊಲದಾಗ ದುಡೀಬೇಕು, ಶನಿವಾರ ಐತವಾರ ನಿಮ್ಮ ಮುಂದ ಕುಣೀಬೇಕು! ನಮಗ ಹೆಂಡ್ರು ಮಕ್ಕಳು ಇಲ್ಲೇನ್ರೀ?"

ಸಭಾಂಗಣದ ತುಂಬ ಸಾಫ್ಟ್‌ವೇರ್ ಜನ. ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಅತ್ತೇಬಿಟ್ಟರು.

ಪರದೆ ಬಿದ್ದದ್ದೇ ದ್ವಾರಕನಾಥ್ ಗುಡುಗಿದರು: "ಇನ್ಮೇಲೆ ನನ್ನ ನಾಟಕದಲ್ಲಿ ನೀನಿಲ್ಲ!"

ಶಿವಯೋಗೀಶನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮನೆಗೆ ಫೋನ್ ಮಾಡಿ, "ಬಿಡುಗಡೆ ಆತು!" ಎಂದು ಕೂಗಿದ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಕಂಪನಿಯ ಡೈರೆಕ್ಟರ್ ಗೋಪಿನಾಥ್ ಒಳಗೆ ಬಂದರು.

"ದ್ವಾರಕನಾಥ್, ಇವನನ್ನ ನಂಗೆ ಕೊಟ್ಬಿಡಿ. ಬದಲಿಗೆ ನನ್ನ ಟೀಮಿಂದ ಒಬ್ಬ ಟೆಸ್ಟರ್ ತಗೊಳ್ಳಿ. ಹಾರ್ಮೋನಿಯಂ ನುಡಿಸ್ತಾನೆ."

"ಹಾಡ್ತಾನಾ ಸರ್?"

"ಹಾಡ್ತಾನೆ."

"ಹಾಗಾದ್ರೆ ಆಯ್ತು."

ಇಬ್ಬರೂ ಕೈಕುಲುಕಿದರು. ಗೋಪಿನಾಥ್ ಶಿವಯೋಗೀಶನ ಬೆನ್ನು ತಟ್ಟಿದರು.

"ಸೋಮವಾರದಿಂದ ನೀವು ನಮ್ಮವರು. ನಂದು ಪೌರಾಣಿಕ ನಾಟಕ, ಶನಿವಾರ ಭಾನುವಾರ ಸಾಲಲ್ಲ. ಶುಕ್ರವಾರ ಸಂಜೇನೂ ಪ್ರಾಕ್ಟೀಸಿಗೆ ಬಂದ್ಬಿಡಿ."