ಗಲಗಲ ಎನ್ನುವ ಪವರ್ ಸಪ್ಲೈ

"ಇದು ಹಸಿ ಐತೆ. ಬ್ಯಾಡ."

ನನ್ನ ಸೋದರಮಾವ ದೊಡ್ಡೀರಪ್ಪನವರು ಕಂಪ್ಯೂಟರ್ ಅಂಗಡಿಯ ಜಾವೀದನಿಗೆ ಹೇಳಿದ ಮೊದಲ ಮಾತು ಇದು. ೨೦೦೭ರ ಫೆಬ್ರವರಿ ತಿಂಗಳು. ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಬ್ದುಲ್ ರಹೀಮ್ ಸಾಹೇಬರದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಅದರ ನಡುವೆ ಪ್ಲೈವುಡ್ ಅಡ್ಡ ನಿಲ್ಲಿಸಿ, ಅರ್ಧ ಭಾಗದಲ್ಲಿ ಅವರ ಮಗ ಜಾವೀದ್ ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದ. ಮಾವ ಚಪ್ಪಲಿಯನ್ನು ಹೊರಗೆ ಬಿಟ್ಟರು. ಹೆಗಲ ಟವೆಲಿನಿಂದ ಸ್ಟೂಲನ್ನು ಒರೆಸಿಕೊಂಡು ಕೂತರು. ನಮಸ್ಕಾರವಿಲ್ಲ, ಹೆಸರು ಕೇಳಲಿಲ್ಲ. ಮೇಜಿನ ಮೇಲಿದ್ದ ಕಬ್ಬಿಣದ ಡಬ್ಬವೊಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಆ ಮಾತು ಹೇಳಿ ಕೆಳಗಿಟ್ಟರು.

ಜಾವೀದ್: ಯಜಮಾನ್ರೆ, ಇದು ಪವರ್ ಸಪ್ಲೈ. ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬ. ಇದ್ರಾಗೆ ಹಸಿ ಎಲ್ಲಿಂದ ಬಂತು?

ಮಾವ: ಅಲ್ಲಾಡಿಸಿದ್ರೆ ಸದ್ದೇ ಇಲ್ಲ. ಅಂದ್ರೆ ಬೀಜ ಸಿಪ್ಪೆಗೆ ಅಂಟ್ಕಂಡೈತೆ. ಇನ್ನೊಂದು ನಾಕು ಬಿಸಿಲು ಕಾಣ್ಬೇಕು.

ಜಾವೀದ್: ಬೀಜಾನಾ?

ನಾನು: ಮಾವ ಶೇಂಗಾ ದಲ್ಲಾಳಿ, ಜಾವೀದ್ ಭಾಯ್. ಸ್ವಲ್ಪ ಹೊಂದ್ಕಳ್ಳಿ.

ಬಿ.ಜಿ. ಕೆರೆಯ ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಚಳ್ಳಕೆರೆಯಲ್ಲಿ ಯಾರು ಏನೇ ಕೊಳ್ಳಲಿ, ಎತ್ತಿನಿಂದ ಹಿಡಿದು ಕೈಗಡಿಯಾರದವರೆಗೆ, ಮಾವ ಮುಟ್ಟಿ ನೋಡಿ ತಲೆಯಾಡಿಸಬೇಕು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಡಿಗ್ರಿಗೂ ಈ ಪದ್ಧತಿಯಲ್ಲಿ ರಿಯಾಯಿತಿ ಇರಲಿಲ್ಲ.

ನನಗೆ ಬೇಕಾಗಿದ್ದು ಎರಡೇ ಸಾಮಾನು: ಒಂದು ಕ್ಯಾಬಿನೆಟ್, ಒಂದು ಪವರ್ ಸಪ್ಲೈ. ನನ್ನ ಹೆಂಡತಿ ಶಶಿರೇಖಾ ಮೊಳಕಾಲ್ಮೂರಿನ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ರೇಷ್ಮೆ ಸೀರೆಯ ಅಂಚು, ಸೆರಗುಗಳ ನಕ್ಷೆ ಬರೆಯುತ್ತಾಳೆ. ಪಕ್ಕದ ಮನೆಯಲ್ಲಿ ಅವಳ ಅಣ್ಣ ಇನ್ನೊಂದು ಕಂಪ್ಯೂಟರಿನಲ್ಲಿ ಅದಕ್ಕೆ ಬಣ್ಣ ಕೂರಿಸುತ್ತಾನೆ. ಇಬ್ಬರ ಕೆಲಸವೂ ಒಂದೇ ಕಡೆ ಭದ್ರವಾಗಿರಲೆಂದು, ಹಗಲು ರಾತ್ರಿ ಓಡುವ ಮೂರನೆಯ ಯಂತ್ರವೊಂದನ್ನು ಮನೆಯಲ್ಲಿದ್ದ ಹಳೆಯ ಬಿಡಿಭಾಗಗಳನ್ನೂ ಸೇರಿಸಿ ಕಟ್ಟಲು ಹೊರಟಿದ್ದೆ. ಅದಕ್ಕೆ ಸರ್ವರ್ ಎನ್ನುತ್ತಾರೆ. ಹಿಂದಿನ ವರ್ಷ ಅಗ್ಗದ ಪವರ್ ಸಪ್ಲೈ ಸುಟ್ಟು, ನಕ್ಷೆಗಳಿದ್ದ ಡಿಸ್ಕನ್ನೂ ಸುಟ್ಟು, ಅವಳ ನವಿಲಿನ ಸೆರಗು ಹೊಗೆಯಾಗಿತ್ತು.

ಮೊದಲು ಕ್ಯಾಬಿನೆಟ್ ಬಂತು. ಜಾವೀದ್ ಒಂದು ಸಾದಾ ಕಪ್ಪು ಪೆಟ್ಟಿಗೆಯನ್ನು ತಂದಿಟ್ಟ.

ಮಾವ: ಇದೇನಪ್ಪ, ಮೈತುಂಬ ತೂತು? ರಾಗಿ ಜರಡಿ ಕೊಡ್ತಿದೀಯಾ?

ಜಾವೀದ್: ಗಾಳಿ ಆಡ್ಬೇಕಲ್ರಿ. ಒಳಗೆ ಬಿಸಿ ಆಗ್ತೈತೆ.

ಮಾವ: ಗಾಳಿ ಜೊತೆ ಹಲ್ಲಿ ಬರ್ತೈತೆ. ಹಲ್ಲಿ ಹಿಂದೆ ಇಲಿ ಬರ್ತೈತೆ. ತೂತಿಲ್ದಿರೋದು ತೋರ್ಸು, ಬೀಗ ಇರ್ಬೇಕು.

ಜಾವೀದ್: ನಿಮ್ಮ ಶೇಂಗಾ ಗೋಡೌನಿಗೆ ಕಿಟಕಿ ಯಾಕೆ ಇಕ್ಕೀರಿ?

ಮಾವ: ಕಿಟಕಿ ಇಲ್ದಿದ್ರೆ ಮಾಲು ಬೆವರ್ತೈತೆ, ಬೂಷ್ಟು ಹಿಡಿತೈತೆ.

ಜಾವೀದ್: ಇದೂ ಬೆವರ್ತೈತೆ.

ಮಾವ ಕಪ್ಪು ಪೆಟ್ಟಿಗೆಯನ್ನು ಇನ್ನೊಮ್ಮೆ ನೋಡಿದರು. ಈ ಸಲ ಸ್ವಲ್ಪ ಮರ್ಯಾದೆಯಿಂದ.

ಮಾವ: ಆಗ್ಲಿ, ಜರಡಿ ಇರ್ಲಿ. ಹೊಟ್ಟೆಗೆ ಏನಿಕ್ತೀಯ ತೋರ್ಸು.

ಪವರ್ ಸಪ್ಲೈಗಳು ಎರಡಿದ್ದವು. ಒಂದು, ಮಾವ ಆಗಲೇ ಹಸಿಯೆಂದು ತಳ್ಳಿದ್ದು. ಅದರ ಮೇಲೆ ಮುನ್ನೂರು ವ್ಯಾಟ್ ಎಂದು ಬರೆದಿತ್ತು. ಇನ್ನೊಂದು ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಅದರ ಮೇಲೆ ಐನೂರು ವ್ಯಾಟ್ ಎಂದಿತ್ತು, ಬೆಲೆಯೂ ಕಡಿಮೆ. ಓದಿದವನಾದ್ದರಿಂದ ನಾನು ಅಂಕಿಯನ್ನು ನೋಡಿದೆ.

ನಾನು: ಕಡಿಮೆ ದುಡ್ಡಿಗೆ ಐನೂರು ಬರ್ತೈತಲ್ಲ?

ಜಾವೀದ್: ಬರೆಯೋಕೇನು ಸಾರ್? ನಮ್ಮೂರ ಟೆಂಪೋ ಮೇಲೆ ವಿಮಾನ ಬರ್ದೈತೆ. ಹಾರ್ತೈತಾ? ಅದು ಬ್ಯಾಡ. ಕೊಟ್ಟೋವೆಲ್ಲ ಸುಟ್ಟು ವಾಪಸ್ ಬರ್ತಾವೆ.

ಅಷ್ಟರಲ್ಲಿ ಮಾವ ಬಟ್ಟೆ ತೆಗೆದು, ಡಬ್ಬವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ್ದರು. ಒಳಗೆ ಗಲಗಲ ಎಂದಿತು. ಅವರ ಮುಖ ಅರಳಿತು.

ಮಾವ: ಕೇಳಪ್ಪ ದುರುಗೇಶ, ಕೇಳು. ಒಣಗಿದ ಮಾಲು ಅಂದ್ರೆ ಇದು. ತೂಕಾನೂ ಐತೆ.

ಜಾವೀದ್: ಯಜಮಾನ್ರೆ, ಏನೋ ಕಳಚಿರೋದಕ್ಕೆ ಆ ಸದ್ದು!

ಮಾವ: ಕಳಚ್ಲೇಬೇಕು. ಸಿಪ್ಪೆ ಬಿಟ್ಟ ಮೇಲೇ ಕಾಯಿ ಪಕ್ವ ಆಗಿರೋದು.

ಜಾವೀದ್: ನಾನು ಅದನ್ನ ನಿಮಗೆ ಮಾರಲ್ಲ.

ಮಾವ ನನ್ನ ಮೊಣಕೈ ತಿವಿದು, ಜಾವೀದನಿಗೂ ಕೇಳುವಷ್ಟು ಗುಟ್ಟಾಗಿ ಹೇಳಿದರು.

ಮಾವ: ನೋಡ್ದಾ? ಮಾರಲ್ಲ ಅಂತಾನೆ. ಬೇರೆ ಯಾರಿಗೋ ಮಾತು ಕೊಟ್ಟವ್ನೆ. ಅದಕ್ಕೇ ಬಟ್ಟೆ ಮುಚ್ಚಿದ್ದ.

ಜಾವೀದ್: ಧೂಳಿಗೆ ಮುಚ್ಚಿದ್ದು ರೀ!

ಮಾವ: ಬ್ಯಾಡದ ಮಾಲಿಗೆ ಧೂಳಿನ ಭಯ ಯಾಕೆ?

ಜಾವೀದ್ ಪ್ಲೈವುಡ್ಡಿನ ಆಚೆಗೆ ತಿರುಗಿ ತಂದೆಗೆ ಉರ್ದುವಿನಲ್ಲಿ ಏನೋ ಹೇಳಿಕೊಂಡ. ಆಚೆಯಿಂದ ನಗು ಮಾತ್ರ ಬಂತು. ಅವನು ಬುದ್ಧಿ ಉಪಯೋಗಿಸಲು ನಿರ್ಧರಿಸಿದಂತೆ ಕಂಡಿತು.

ಜಾವೀದ್: ಆಯ್ತು, ನೀವು ಹೇಳಿದ್ದೇ ಸರಿ. ಗಲಗಲ ಅನ್ನೋದೇ ಒಳ್ಳೇದು. ಬಿಲ್ಕುಲ್ ಒಣಗೈತೆ. ಇನ್ನೊಂದು ಬರೀ ಹಸಿ, ಹಿಂಡಿದ್ರೆ ನೀರು ಬರ್ತೈತೆ. ಒಣಗಿರೋದನ್ನೇ ಒಯ್ರಿ.

ಇಷ್ಟು ಹೊಗಳಿದರೆ ಮಾವ ಅನುಮಾನಪಡುತ್ತಾರೆಂಬುದು ಅವನ ಲೆಕ್ಕ. ನಾನೂ ಹಾಗೆಯೇ ಅಂದುಕೊಂಡೆ.

ಮಾವ: ಕೊನೆಗೂ ಬಾಯಿ ಬಿಟ್ಟ ನೋಡು! ಕಟ್ಟು, ಕಟ್ಟು ಇದನ್ನೇ.

ಜಾವೀದ್ ತಲೆಯ ಮೇಲೆ ಕೈ ಇಟ್ಟುಕೊಂಡ. ಆಗ ನನ್ನ ಮೊಬೈಲ್ ಬಡಿದುಕೊಂಡಿತು. ಶಶಿರೇಖಾ. ಸ್ಪೀಕರ್ ಒತ್ತಿದೆ.

ಶಶಿರೇಖಾ: ರೀ, ಯಾವುದು ತಗಂಡ್ರಿ?

ನಾನು: ಎರಡವೆ. ಮಾವ ಒಣಗಿರೋದು ತಗ ಅಂತಾರೆ.

ಶಶಿರೇಖಾ: ಒಣಗಿರೋದಾ? ನಾನು ಕಂಪ್ಯೂಟರ್ ಸಾಮಾನಿಗೆ ಕಳ್ಸಿದ್ದಾ, ಹಪ್ಪಳಕ್ಕಾ?

ನಾನು: ಅಂಗಡಿಯೋರು ಅದು ಸುಡ್ತೈತೆ ಅಂತಾರೆ. ಮಾವ ಅದೇ ಒಳ್ಳೇದು ಅಂತಾರೆ.

ಶಶಿರೇಖಾ: ನೀವೇನಂತೀರಿ?

ನಾನು ಮಾವನ ಮುಖ ನೋಡಿದೆ. ಪದ್ಧತಿ.

ಶಶಿರೇಖಾ: ಕೇಳ್ರಿ ಇಲ್ಲಿ. ಹೋದ ವರ್ಷ ನವಿಲು ಹೋಯ್ತು, ತಡ್ಕಂಡೆ. ಈಗ ಮದುವೆ ಸೀಸನ್ನಿನ ನಕ್ಷೆ ಎಲ್ಲಾ ಅದ್ರಾಗೆ ಇಕ್ಬೇಕು. ಅವೂ ಹೊಗೆ ಆದ್ರೆ ನಾನು ಪೆನ್ಸಿಲ್ ಹಿಡ್ಕಂಡು ಗ್ರಾಫ್ ಕಾಗದಕ್ಕೆ ವಾಪಸ್ಸು. ನೀವು ಆ ಡಬ್ಬದ ಜೊತೆ ಸಂಸಾರ ಮಾಡ್ರಿ.

ಮಾವ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡರು.

ಮಾವ: ಯವ್ವಾ ಶಶೀ, ನಾನಿದೀನಿ. ನೀನೇನೂ ಎದರಬ್ಯಾಡ.

ಶಶಿರೇಖಾ: ನೀವಿದೀರಿ ಅಂತ್ಲೇ ಎದರಿಕೆ ಮಾವ. ಒಂದು ಮಾತು ಕೇಳ್ತೀನಿ. ಮಂಡಿಯಾಗೆ ಕಾಯಿ ಅಲ್ಲಾಡ್ಸಿ ಸುಮ್ನೆ ತಗಂತೀರೋ, ಒಡೆದೂ ನೋಡ್ತೀರೋ?

ಮಾವ: ಒಡೀದೆ ತಗಳಾಕೆ ನಾನೇನು ದಡ್ಡನಾ?

ಶಶಿರೇಖಾ: ಹಂಗಾದ್ರೆ ಇದನ್ನೂ ಒಡೀರಿ.

ಕರೆ ಕಟ್ಟಾಯಿತು. ಮಾವ ಮೊಬೈಲನ್ನು ನನಗೆ ವಾಪಸ್ ಕೊಟ್ಟು, ಗಲಗಲ ಎನ್ನುವ ಡಬ್ಬವನ್ನು ಮೇಜಿನ ಮೇಲಿಟ್ಟು ಜಾವೀದನ ಮುಂದೆ ಸರಿಸಿದರು.

ಮಾವ: ಬಿಚ್ಚು.

ಜಾವೀದ್: ಸ್ಟಿಕ್ಕರ್ ಹರಿದ್ರೆ ವಾರಂಟಿ ಹೋಗ್ತೈತೆ.

ಮಾವ: ಯಾರದು ಹೋಗ್ತೈತೆ?

ಜಾವೀದ್: ನನ್ನದೇ ಹೋಗೋದು.

ಮಾವ: ಹಂಗಾದ್ರೆ ಹರಿ.

ಜಾವೀದ್ ಸ್ಕ್ರೂಡ್ರೈವರ್ ತೆಗೆದ. ಮುಚ್ಚಳ ಎದ್ದಾಗ ನಾವು ಮೂವರೂ ಬಗ್ಗಿದೆವು. ಒಳಗೆ ಅರ್ಧ ಜಾಗ ಖಾಲಿ. ಕೂದಲಿನಂಥ ತಂತಿಗಳು, ಅಂಗೈಯಷ್ಟು ಸರ್ಕ್ಯೂಟ್ ಹಲಗೆ. ಮೂಲೆಯಲ್ಲಿ ಅಂಟು ಬಿಟ್ಟುಹೋಗಿದ್ದ ಒಂದು ಕಬ್ಬಿಣದ ತುಂಡು ಉರುಳಾಡುತ್ತಿತ್ತು. ಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ ಅಂಗೈಯಲ್ಲಿ ತೂಗಿದರು.

ಮಾವ: ಇದು ಯಾವ ಪಾರ್ಟು?

ಜಾವೀದ್: ಪಾರ್ಟೇ ಅಲ್ಲ ಯಜಮಾನ್ರೆ. ಕರೆಂಟಿಗೂ ಇದಕ್ಕೂ ಸಂಬಂಧ ಇಲ್ಲ.

ಮಾವ: ಮತ್ತೆ ಯಾಕೈತೆ?

ಜಾವೀದ್: ನನಗೂ ಈಗ್ಲೇ ಗೊತ್ತಾಗ್ತಿರೋದು... ತೂಕಕ್ಕೆ ಇರ್ಬೇಕು. ಹಗುರ ಇದ್ರೆ ಯಾರೂ ತಗಳಲ್ಲ.

ಮಾವ ಆ ತುಂಡನ್ನು ಇನ್ನೊಮ್ಮೆ ತೂಗಿದರು. ಸಿಟ್ಟು ಬರುತ್ತದೆಂದು ನಾನು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಎದ್ದು ನಿಂತೆ. ಆದರೆ ಅವರ ಮುಖದಲ್ಲಿದ್ದುದು ಸಿಟ್ಟಲ್ಲ. ಗುರುತು ಪರಿಚಯವಿಲ್ಲದ ಊರಿನಲ್ಲಿ ನೆಂಟರು ಸಿಕ್ಕಿದವರ ಮುಖ ಅದು.

ಮಾವ: ಮೂಟೆ ತಳಕ್ಕೆ ಕಲ್ಲು! ಲೇ ದುರುಗೇಶ, ನಾನು ಇದೇನೋ ಸೈನ್ಸು ಅಂತ ಒಳಗೊಳಗೇ ಎದರಿದ್ದೆ ಕಣೋ. ಇದೂ ಮಂಡಿನೇ! ನಮ್ಮೋರು ಇಲ್ಲೂ ಬಂದು ಸೇರ್ಕಂಡವ್ರೆ!

ಜಾವೀದ್: ಹಂಗಾದ್ರೆ ಇನ್ನೊಂದು ಕಟ್ಲಾ?

ಮಾವ: ತಡಿ. ಅದನ್ನೂ ಬಿಚ್ಚು.

ಜಾವೀದ್: ಅದರ ವಾರಂಟಿ ನಿಮ್ಮದು ಯಜಮಾನ್ರೆ!

ಮಾವ: ಒಡೀದಿರೋ ಮಾಲು ನಾನು ಮುಟ್ಟಲ್ಲ.

ನಾನು: ಮಾವ, ಬ್ಯಾಡ. ಇದು ನಾನೇ ಆರಿಸಿರೋದು. ಕಟ್ರಿ ಜಾವೀದ್ ಭಾಯ್, ಕಪ್ಪು ಕ್ಯಾಬಿನೆಟ್ಟು, ಮುನ್ನೂರರದ್ದು.

ಮಾವನ ಎದುರಿಗೆ ನಮ್ಮ ಮನೆತನದಲ್ಲಿ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು. ಮಾವ ಟವೆಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು.

ಮಾವ: ಹಂಗೋ? ಸರಿ. ನೀನು ಬಸ್ಸಿಗೆ ಹೋಗಪ್ಪ. ನಾನು ಒಂದು ಗಳಿಗೆ ಕೂತಿದ್ದು ಬರ್ತೀನಿ. ಏನಪ್ಪ ಜಾವೀದಣ್ಣ, ಈ ಕಲ್ಲು ತುಂಬಿದ ಡಬ್ಬ ನಿಂಗೆ ಯಾರು ತಂದ್ಕೊಡ್ತಾರೆ? ಅವ್ನಿಗೆ ನೀನು ದುಡ್ಡು ಕಂತಿನಾಗೆ ಕೊಡ್ತೀಯೋ, ಒಂದೇ ಸಲ ಕೈಯಾಗೇ ಕೊಡ್ತೀಯೋ? ಮೊದ್ಲು ಚಾ ಹೇಳು.

ಆ ಮದುವೆ ಸೀಸನ್ ದಾಟಿತು. ಶಶಿರೇಖಾಳ ಒಂದು ಎಳೆಯೂ ಹೋಗಲಿಲ್ಲ. ನಾನು ಆರಿಸಿದ್ದೆಂದು ಹೇಳಿದಾಗಲೆಲ್ಲ ಅವಳು, ತಾನು ಫೋನ್ ಮಾಡಿದ್ದನ್ನು ನೆನಪಿಸುತ್ತಾಳೆ.

ಮಾವ ಅಂದು ಸ್ಟೂಲಿನಿಂದ ಏಳಲಿಲ್ಲ ಎಂದೇ ಹೇಳಬೇಕು. ಈಗ ಅವರು ಶೇಂಗಾ ದಲ್ಲಾಳಿ ಕೆಲಸ ಬಿಟ್ಟಿದ್ದಾರೆ. ಜಾವೀದನ ಅಂಗಡಿಯಲ್ಲಿ ಪಾಲುದಾರರಾಗಿದ್ದು, ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ಕಂಪ್ಯೂಟರ್ ಸಾಮಾನು ತರಿಸಿಕೊಡುತ್ತಾರೆ. ಕಂಪ್ಯೂಟರನ್ನು ಚಾಲೂ ಮಾಡುವುದು ಅವರಿಗೆ ಇವತ್ತಿಗೂ ಬರುವುದಿಲ್ಲ.