ವಿಷದ ಗುಳಿಗೆಯ ತಿದ್ದುಪಡಿಯನ್ನು ತಡೆಹಿಡಿಯುವ ಬಗ್ಗೆ

ಇಂದ,
ವಾಣಿಜ್ಯ ಪುಟದ ಉಪಸಂಪಾದಕ,
ಕಿಟಕಿ ಪಕ್ಕದ ಕುಂಟು ಮೇಜು.

ಗೆ,
ಮಾನ್ಯ ಸಂಪಾದಕರು,
ಗಾಜಿನ ಕೋಣೆ, ಇದೇ ಮಹಡಿ.

ವಿಷಯ: ಸಾಬೂನು ಕಂಪನಿಯು ವಿಷದ ಗುಳಿಗೆ ನುಂಗಿಲ್ಲವೆಂಬ ತಿದ್ದುಪಡಿಯನ್ನು ಸದ್ಯಕ್ಕೆ ಪ್ರಕಟಿಸದಿರುವಂತೆ ಕೋರಿ.

ಉಲ್ಲೇಖ: 1. ನಮ್ಮ ವಾಣಿಜ್ಯ ಪುಟದ ಮೊನ್ನೆಯ ಮುಖ್ಯ ಶೀರ್ಷಿಕೆ.
2. ಅದನ್ನು ಓದಿ ತಾವು ಇಡೀ ಮಹಡಿಗೆ ಕೇಳುವಂತೆ ನೀಡಿದ ಮೌಖಿಕ ಜ್ಞಾಪನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

1. ಇಂಗ್ಲಿಷಿನ ಹಣಕಾಸು ವರದಿಗಾರರಿಗೆ ನೆಟ್ಟಗೆ ಮಾತಾಡಿ ಗೊತ್ತಿಲ್ಲ. ಷೇರುಪೇಟೆ ಏರಿದರೆ ಗೂಳಿ, ಇಳಿದರೆ ಕರಡಿ, ಬಿದ್ದದ್ದು ತುಸು ಎದ್ದು ಮತ್ತೆ ಬೀಳುವಂತಿದ್ದರೆ ಸತ್ತ ಬೆಕ್ಕು ಪುಟಿಯಿತು ಎನ್ನುತ್ತಾರೆ. ಕೊಟ್ಟ ಸಾಲ ಪೂರ್ತಿ ಬಾರದೆ ಬ್ಯಾಂಕುಗಳು ನಷ್ಟ ಹೊತ್ತಾಗ ‘ಕ್ಷೌರ’ ಎಂದರು. ನಾನೂ ‘ಬ್ಯಾಂಕುಗಳ ತಲೆ ಬೋಳಿಸಿದ ಸಾಲಗಾರರು’ ಎಂದು ಬರೆದೆ. ಓದುಗರಿಗೆ ಥಟ್ಟನೆ ಅರ್ಥವಾಯಿತು, ತಾವೂ ಬೆನ್ನು ತಟ್ಟಿದಿರಿ. ಆದಕಾರಣ, ಪದಕ್ಕೆ ಪದ ಇಟ್ಟು ಪಾರಾಗಬಹುದೆಂಬ ಧೈರ್ಯ ನನಗೆ ಬಂದದ್ದು ತಮ್ಮಿಂದಲೇ.

2. ಸದರಿ ಶೀರ್ಷಿಕೆಗೆ ಮೂಲವಾದ ಇಂಗ್ಲಿಷ್ ಸುದ್ದಿಯಲ್ಲಿ ಸಾಬೂನು ಕಂಪನಿಯು ವಿಷದ ಗುಳಿಗೆಯೊಂದನ್ನು ಏನೋ ಮಾಡಿತೆಂದಿತ್ತು. ‘ಅಡಾಪ್ಟ್’ ಎಂಬ ಆ ಕ್ರಿಯಾಪದಕ್ಕೆ ನಿಘಂಟು ‘ದತ್ತು ಪಡೆ’ ಎಂದಿತು. ಗುಳಿಗೆಯನ್ನು ಯಾರೂ ದತ್ತು ಪಡೆಯುವುದಿಲ್ಲ ಎಂಬ ಸಾಮಾನ್ಯ ಜ್ಞಾನದ ಮೇರೆಗೆ ‘ವಿಷದ ಗುಳಿಗೆ ನುಂಗಿದ ಸಾಬೂನು ಕಂಪನಿ’ ಎಂದು ಬರೆದೆ. ಕೆಳಗೆ ‘ಸರ್ವಾನುಮತದ ನಿರ್ಧಾರ’ ಎಂದೂ ಸೇರಿಸಿದೆ. ಕಂಪನಿಯನ್ನು ಬಲವಂತವಾಗಿ ಕೊಳ್ಳಲು ಬಂದವರ ಗಂಟಲಿಗೆ ಅಡ್ಡವಾಗಲೆಂದು ಇಟ್ಟ ಷರತ್ತು ಅದು, ‘ಬಿಸಿತುಪ್ಪ’ ಎಂದಿದ್ದರೆ ಮುಗಿಯುತ್ತಿತ್ತಲ್ಲಯ್ಯಾ ಎಂದು ತಾವು ಗದರಿದ್ದು ಸರಿ. ಆ ಹೊತ್ತಿಗೆ ಪತ್ರಿಕೆ ಮನೆಮನೆ ಸೇರಿತ್ತು.

3. ಸದರಿ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ನನ್ನ ಹೆಂಡತಿಯ ತಮ್ಮ ಕೆಲಸಕ್ಕಿದ್ದಾನೆ. ಅವನು ತನ್ನ ಮದುವೆಯಾದ ಹೊಸತರಲ್ಲಿ, ನೆಂಟರು ತುಂಬಿದ್ದ ಪಂಕ್ತಿಯಲ್ಲಿ, ಹೆಂಡತಿಯನ್ನು ತೋರಿಸಿ ತಾಯಿಗೆ, “ಅಡುಗೆ ಅಂದ್ರೆ ಇವಳದ್ದೇ ಕಣಮ್ಮಾ” ಎಂದು ನಾಲಿಗೆ ಜಾರಿಸಿದ್ದ. ಅಂದಿನಿಂದ ನನ್ನ ಅತ್ತೆಯವರು ಮಗನ ಮನೆಯ ಹೊಸ್ತಿಲು ತುಳಿದಿರಲಿಲ್ಲ, ಅವನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. ನನ್ನ ಹೆಂಡತಿ ಇಬ್ಬರ ನಡುವೆ ಓಡಾಡಿ ಸೋತಿದ್ದಳು.

4. ಇಂತಿರುವಾಗ ಅತ್ತೆಯವರು ಸದರಿ ಶೀರ್ಷಿಕೆ ಓದಿದರು. ಮಗನಿಗೆ ಫೋನ್ ಮಾಡಿದರು. ಕಾರ್ಖಾನೆಯಲ್ಲಿ ಫೋನುಗಳನ್ನು ಗೇಟಿನಲ್ಲೇ ಇಡಿಸಿಕೊಳ್ಳುವ ಕಾರಣ ಅವನು ಎತ್ತಲಿಲ್ಲ. ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಆಟೋ ಹತ್ತಿದರು.

“ಅಮ್ಮಾ, ಪಾಸ್ ಇಲ್ದೆ ಒಳಗೆ ಬಿಡಲ್ಲ” ಎಂದ ಗೇಟಿನವನು.

“ಕಂಪನಿಗೆ ಕಂಪನಿನೇ ವಿಷ ನುಂಗಿ ಬಿದ್ದಿದೆ, ನಿಂದೇನಪ್ಪಾ ಪಾಸು!”

ಗದ್ದಲ ಕೇಳಿ ಭಾವಮೈದುನ ಮೈಯೆಲ್ಲ ಸಾಬೂನು ಪುಡಿ ಮಾಡಿಕೊಂಡು ಓಡಿಬಂದ. ಅತ್ತೆಯವರು ಅವನ ಗಲ್ಲ ಹಿಡಿದು, “ಏನೋ ನುಂಗಿದೆ? ಬಾಯಿ ತೆಗಿ!” ಎಂದರು. ಅವನು ತೆಗೆದ. ಬಹುಕಾಲದ ಮೇಲೆ ತಾಯಿ ಮಗನ ನಡುವೆ ನಡೆದ ಮೊದಲ ಮಾತುಕತೆ ಇದು. ಆಮೇಲೆ ಗೇಟಿನಲ್ಲೇ ಇಬ್ಬರೂ ಅತ್ತರಂತೆ.

5. ಅತ್ತೆಯವರು ಈಗ ಮಗನ ಮನೆಯಲ್ಲಿದ್ದಾರೆ. ಸೊಸೆಯೇ ಕೈಹಿಡಿದು ಒಳಗೆ ಕರೆದಳಂತೆ. ಗುಳಿಗೆಯ ನಿಜಾಂಶವನ್ನು ಮಗ ಬಿಡಿಸಿ ಹೇಳಿದರೂ, “ವಿಷ ನಿಧಾನಕ್ಕೇ ಏರೋದು, ನಿಂಗೇನ್ ಗೊತ್ತು” ಎಂದು ಬಾಯಿ ಮುಚ್ಚಿಸಿದ್ದಾರೆ. ಅತ್ತೆಯವರು ದಡ್ಡರಲ್ಲ, ಅವರಿಗೆ ಎಲ್ಲವೂ ಅರ್ಥವಾಗಿದೆ. ಆದರೆ ಮಗನನ್ನು ಬಿಟ್ಟಿರಲಾಗದೆ ಬಂದೆ ಎಂದು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. ಉಳಿಯಲು ಒಂದು ನೆಪ ಬೇಕು. ಅದು ಸದ್ಯಕ್ಕೆ ನಮ್ಮ ಪತ್ರಿಕೆಯ ತಪ್ಪೊಂದೇ ಆಗಿರುತ್ತದೆ. ನಿನ್ನೆ ಫೋನಿನಲ್ಲಿ ನನ್ನನ್ನು ಕೇಳಿದರು: “ವಾಸಿಯಾಯ್ತು ಅಂತ ನಿಮ್ಮ ಪೇಪರಲ್ಲಿ ಇನ್ನೂ ಬಂದಿಲ್ವಲ್ಲಾ ಅಳಿಯಂದ್ರೇ? ಬರೋವರೆಗೂ ನಾನು ಇಲ್ಲೇ ಇರ್ತೀನಪ್ಪಾ.”

ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿ ಅದನ್ನು ಕೇಳಿ ನಕ್ಕಳು. ಅವಳು ಹಾಗೆ ನಕ್ಕದ್ದು ನೋಡಿ ನನಗೆ ಆದ ಸಂತೋಷವನ್ನು ಅರ್ಜಿಯ ಭಾಷೆಯಲ್ಲಿ ನಮೂದಿಸಲು ಬರುವುದಿಲ್ಲ.

ಆದ್ದರಿಂದ, ಷೇರುದಾರರು ಇಂಗ್ಲಿಷ್ ಪತ್ರಿಕೆ ಓದಿ ಈಗಾಗಲೇ ನಿಜ ತಿಳಿದಿರುವ ಕಾರಣ, ಹಾಗೂ ನಮ್ಮ ಶೀರ್ಷಿಕೆಯನ್ನು ನಂಬಿದವರು ಅತ್ತೆಯವರೊಬ್ಬರೇ ಆಗಿರುವ ಕಾರಣ, ತಿದ್ದುಪಡಿಯನ್ನು ತಡೆಹಿಡಿಯಬೇಕಾಗಿ ವಿನಂತಿ. ಇದಕ್ಕೆ ಬದಲಾಗಿ ನನ್ನನ್ನು ಯಾವ ಪುಟಕ್ಕೆ ಎತ್ತಿಹಾಕಿದರೂ ತಕರಾರಿಲ್ಲ.

ತಮ್ಮ ಗದರಿಕೆಗೆ ಸದಾ ಪಾತ್ರನಾದ ವಿಶ್ವಾಸಿ,
(ಸಹಿ)

ಲಗತ್ತುಗಳು:
1. ಸದರಿ ಶೀರ್ಷಿಕೆಯ ತುಣುಕು (ಅತ್ತೆಯವರು ಮೂಲಪ್ರತಿ ಕೊಡಲೊಪ್ಪದ ಕಾರಣ ಜೆರಾಕ್ಸ್).
2. ‘ದತ್ತು’ ಇರುವ ನಿಘಂಟಿನ ಪುಟ.

ವಿ.ಸೂ.: ನಿಯಮದ ಪ್ರಕಾರ ಏನಾದರೂ ಪ್ರಕಟಿಸಲೇಬೇಕೆಂದಾದಲ್ಲಿ, ಈ ಕೆಳಗಿನ ಒಕ್ಕಣೆಯನ್ನು ಪರಿಶೀಲಿಸಬಹುದು: ‘ಸಾಬೂನು ಕಂಪನಿಯ ಆರೋಗ್ಯ ಸ್ಥಿರ. ಮನೆಯವರು ಇನ್ನಷ್ಟು ದಿನ ಹತ್ತಿರ ಇರುವುದು ಒಳ್ಳೆಯದು.’